ತೊಗಟೆ ವೈದ್ಯನ ಅಣ್ಣನ ಕಾಯಿಲೆ

ಜನವರಿ 9, ಶುಕ್ರವಾರ

ಹಿತ್ತಲ ಗಿಡ ಮದ್ದಲ್ಲ ಎನ್ನುವವರು ನನ್ನ ಹಿತ್ತಲನ್ನು ನೋಡಿದವರಲ್ಲ. ಅಲ್ಲಿ ಪ್ರೂನಸ್ ಮರಗಳಿವೆ. ಕಿಲುಮ್ ಗುಡ್ಡದ ತಪ್ಪಲಿನ ಈ ಊರಿನಲ್ಲಿ ವಯಸ್ಸಾದ ಗಂಡಸರು ನೆಮ್ಮದಿಯಾಗಿ ಮೂತ್ರ ಮಾಡುತ್ತಿದ್ದಾರೆಂದರೆ ಅದಕ್ಕೆ ಕಾರಣ ಆ ಮರಗಳ ತೊಗಟೆ, ಮತ್ತು ಆ ತೊಗಟೆಯನ್ನು ಕುಟ್ಟಿ ಪುಡಿ ಮಾಡಿ ಕೊಡುವ ನಾನು. ಜಂಬಕ್ಕೆ ಬರೆಯುತ್ತಿಲ್ಲ. ಅರಸರು ನನ್ನನ್ನು ಕರೆಸಿ ‘ಶೇ’ ಎಂಬ ಬಿರುದು ಕೊಟ್ಟದ್ದು ನನ್ನ ಮುಖ ನೋಡಿ ಅಲ್ಲ. ಈಗ ನನ್ನ ಕೈಯನ್ನು ಯಾರೂ ಕುಲುಕುವಂತಿಲ್ಲ. ಬಾಗಿ, ಮೆಲ್ಲಗೆ ಚಪ್ಪಾಳೆ ತಟ್ಟಿ, “ಶೇ ವಿರ್ಸಿ” ಅನ್ನಬೇಕು. ಅನ್ನುತ್ತಾರೆ. ನನ್ನ ಹೆಂಡತಿ ಕಿಲಾ ಒಬ್ಬಳು ಅನ್ನುವುದಿಲ್ಲ, ಮಗಳ ಹೆಸರು ಹಿಡಿದೇ ಕರೆಯುತ್ತಾಳೆ.

ಈಚೆಗೆ ನಾನು ಹಿತ್ತಲಿಗೆ ಹೋಗುವುದು ಸ್ವಲ್ಪ ಹೆಚ್ಚಾಗಿದೆ. ಧೂಳುಗಾಳಿಯ ಕಾಲ, ಮರಗಳ ಮೇಲೆ ನಿಗಾ ಇಡಬೇಕು.

“ಸುಯಿರಿ ಅಪ್ಪ,” ಎಂದಳು ಕಿಲಾ, “ಮರ ನೋಡೋಕೆ ಹೋದೋರು ಮರಕ್ಕೆ ಬೆನ್ನು ಹಾಕಿ ಗೋಡೆ ಕಡೆ ಯಾಕೆ ನಿಲ್ತೀರಿ?”

ಹೆಂಗಸರಿಗೆ ವೈದ್ಯದ ಸೂಕ್ಷ್ಮಗಳು ತಿಳಿಯುವುದಿಲ್ಲ.

ಜನವರಿ 11, ಭಾನುವಾರ

ಚರ್ಚಿನಲ್ಲಿ ಪಾದ್ರಿಗಳು ತಾಳ್ಮೆಯ ಬಗ್ಗೆ ಉಪದೇಶ ಮಾಡಿದರು. ಮೊದಲ ಭಾಗ ಚೆನ್ನಾಗಿತ್ತು. ಎರಡನೆಯ ಭಾಗ ಹೇಗಿತ್ತೆಂದು ಹೇಳಲಾರೆ, ನಾನು ಹೊರಗಿದ್ದೆ. ಮೂರನೆಯದಕ್ಕೆ ಒಳಗೆ ಬಂದೆ, ನಾಲ್ಕನೆಯದಕ್ಕೆ ಮತ್ತೆ ಹೊರಗಿದ್ದೆ. ಉಪದೇಶ ಅಷ್ಟು ಉದ್ದ ಇರಬಾರದು.

ಜನವರಿ 20, ಮಂಗಳವಾರ

ಮಗಳು ಸುಯಿರಿಗೆ ಸಂಬಂಧ ಕೇಳಿ, ಅಡಿಕೆಯಂತೆ ಜಗಿಯುವ ಕೋಲಾ ಕಾಯಿ ಬಂತು. ಹುಡುಗ ಬೊಂಗ್ಫೆನ್, ಊರ ಆರೋಗ್ಯ ಕೇಂದ್ರದ ನರ್ಸ್. ಅಂದರೆ ಸೂಜಿ ಹುಡುಗ. ಊರಿನಲ್ಲಿ ಹೆಂಡ ಇಳಿಸುವವರಿದ್ದಾರೆ, ಜೇನು ಸಾಕುವವರಿದ್ದಾರೆ, ಬಡಗಿಗಳಿದ್ದಾರೆ. ಅವರನ್ನೆಲ್ಲ ಬಿಟ್ಟು ನನ್ನ ಮಗಳಿಗೆ ಸಿಕ್ಕಿದ್ದು ನನ್ನ ಎದುರು ಅಂಗಡಿಯವನು!

“ಒಳ್ಳೆ ಹುಡುಗ ಅಪ್ಪ,” ಎಂದಳು.

“ಸೂಜಿಯೂ ಒಳ್ಳೇದೇ, ಬಟ್ಟೆ ಹೊಲಿಯೋಕೆ,” ಎಂದೆ.

“ಹಾಗಾದ್ರೆ ಬೇಡ ಅನ್ನಿ. ನಾನು ಮದುವೇನೇ ಆಗದೆ ನಿಮ್ಮ ಜೊತೆ ತೊಗಟೆ ಕುಟ್ಕೊಂಡು ಇರ್ತೀನಿ.”

ಶಾಲೆಯಲ್ಲಿ ಮಕ್ಕಳನ್ನು ಹೆದರಿಸುವ ದನಿಯಲ್ಲೇ ಹೆದರಿಸಿದಳು. ಕೋಲಾ ಒಡೆದು ಬಾಯಿಗೆ ಹಾಕಿಕೊಂಡೆ, ಅಂದರೆ ಒಪ್ಪಿದೆ. ಈಸ್ಟರ್ ಕಳೆದ ಎರಡನೇ ಶನಿವಾರ ಗಂಡಿನ ಕಡೆಯವರು ಸಂಬಂಧ ಗಟ್ಟಿಮಾಡಲು ಹೆಂಡ ತರುತ್ತಾರೆ.

ಕೋಲಾ ನುಂಗಿದ ಮೇಲೆ ನೆನಪಾಯಿತು, ಪೀಠದ ನಿಯಮ! ನಮ್ಮ ವಂಶದಲ್ಲಿ ಹೆಣ್ಣಿನ ತಂದೆ ಕೆತ್ತನೆಯ ಪುಟ್ಟ ಮರದ ಪೀಠದಲ್ಲಿ ಕುಳಿತನೆಂದರೆ, ಮಗಳು ಹೆಂಡ ಬಗ್ಗಿಸಿ ಕೈಗೆ ಕೊಡುವವರೆಗೆ ಏಳಬಾರದು. ಎದ್ದರೆ ‘ಹೆಣ್ಣು ಕೊಡುವುದಿಲ್ಲ’ ಎಂದರ್ಥ. ಗಂಡಿನ ಕಡೆಯ ಹಿರಿಯ ಎದ್ದರೆ ‘ಹೆಣ್ಣು ಬೇಡ’ ಎಂದರ್ಥ. ಮಾತುಕತೆ ಊಟದ ಹೊತ್ತು ದಾಟಿ ಎಳೆಯುವುದೂ ಉಂಟು. ನನ್ನ ಚಿಕ್ಕಪ್ಪ, ಕುಳಿತಲ್ಲೇ ಚೇಳು ಕಚ್ಚಿ, ಎದ್ದುಬಿಟ್ಟಿದ್ದ. ಸಂಬಂಧ ಮುರಿಯಿತು. ಅವನ ಮಗಳು ಬೇರೆಯವನನ್ನು ಮದುವೆಯಾಗಿ ಸುಖವಾಗಿದ್ದಾಳೆ, ಚೇಳಿನ ಉಪಕಾರ ನೆನೆಯುತ್ತಾಳೆ. ಆದರೆ ಸುಯಿರಿಗೆ ಬೇರೆಯವನು ಬೇಡ. ನನ್ನ ಬದಲಿಗೆ ಇನ್ನೊಬ್ಬರನ್ನು ಕೂರಿಸೋಣವೆಂದರೆ, ಅಪ್ಪ ಬದುಕಿರುವಾಗ ಬೇರೆಯವರು ಕುಳಿತರೆ ಮಗಳು ಯಾರವಳು ಎಂಬ ಪ್ರಶ್ನೆ ಹುಟ್ಟುತ್ತದೆ.

ಇವತ್ತು ಪ್ರಯೋಗಕ್ಕೆಂದು ಪೀಠದ ಮೇಲೆ ಕುಳಿತೆ. ಅಟ್ಟದಿಂದ ಇಳಿಸಿದಾಗ ಹಾರಿದ ಧೂಳು ಕೆಳಗೆ ಕೂರುವ ಮೊದಲೇ ಮರಗಳ ಮೇಲೆ ನಿಗಾ ಇಡಬೇಕೆನಿಸಿತು.

ಸರಿ, ಬರೆದುಬಿಡುತ್ತೇನೆ. ನನಗೂ ಬಂದಿದೆ.

ಜನವರಿ 27, ಮಂಗಳವಾರ

ಮನೆ ತುಂಬ ಔಷಧವಿದ್ದೂ ಕುಡಿಯುವಂತಿಲ್ಲ. ಕೊಡುವ ಕೈ ತನಗೇ ಕೊಟ್ಟುಕೊಂಡರೆ ಮದ್ದು ಸತ್ತುಹೋಗುತ್ತದೆ ಎಂದು ನನಗೆ ವಿದ್ಯೆ ಹೇಳಿಕೊಟ್ಟ ಅಜ್ಜ ಹೇಳಿದ್ದ. ಆದ್ದರಿಂದ ಗುಡ್ಡದ ಆಚೆ ಮಗ್ಗುಲಿಗೆ, ಮಾ ಓಡಿಲಿಯಾ ಎಂಬ ವೈದ್ಯೆಯ ಬಳಿಗೆ ಹೋದೆ. ಆಕೆಯ ವೈದ್ಯದ ಬಗ್ಗೆ ನನಗೆ ಗೌರವವಿಲ್ಲ. ಆಕೆಗೂ ನನ್ನ ಬಗ್ಗೆ ಇಲ್ಲ. ಹೀಗಾಗಿ ನಮ್ಮಿಬ್ಬರದು ಸಮಾನರ ಸ್ನೇಹ.

“ನನ್ನ ಅಣ್ಣನಿಗೆ ಒಂದು ತೊಂದರೆ,” ಎಂದೆ.

“ನಿಮಗೆ ಅಣ್ಣ ಇದ್ದಾನಾ ಶೇ?”

“ಇದ್ದಾನೆ. ದೂರದಲ್ಲಿ.”

“ಪಾಪ. ಪದೇ ಪದೇ ಹೋಗ್ತಾನಾ ಅಣ್ಣ? ನಿಂತ್ರೆ ಶುರುವಾಗಲ್ಲ, ಶುರುವಾದ್ರೆ ಮುಗಿಯಲ್ಲ?”

“ಹಾಗಂತ ಅವನೇ ಹೇಳಿದ.”

“ನೀವು ಒಳಗೆ ಬಂದಾಗಿನಿಂದ ಕಾಲು ಬದಲಾಯಿಸ್ತಾನೇ ಇದ್ದೀರಲ್ಲ, ಅಣ್ಣನ ನೆನಪಾ? ಹಿಂದೆ ಬಾಳೆತೋಟ ಇದೆ, ಹೋಗಿ ನೆನಪಿಸ್ಕೊಂಡು ಬನ್ನಿ.”

ಬಂದ ಮೇಲೆ ತೊಗಟೆ ಕೊಟ್ಟಳು. ಚೌಕವಾಗಿ, ಅಂಚು ಹರಿಯದಂತೆ ಕೊಯ್ದ ತೊಗಟೆ. ಮುರಿದರೆ ಕಹಿ ಬಾದಾಮಿಯ ವಾಸನೆ. ಮರದ ಎದುರುಬದುರು ಎರಡು ಮಗ್ಗುಲಿನಲ್ಲಿ ಮಾತ್ರ ಹೀಗೆ ಕೊಯ್ದು, ಉಳಿದೆರಡನ್ನು ಮುಟ್ಟದೆ ಬಿಟ್ಟರೆ ಮರ ಸಾಯುವುದಿಲ್ಲ. ಸುತ್ತ ಸುಲಿದರೆ ಸತ್ತಂತೆಯೇ. ಈ ಸೀಮೆಯಲ್ಲಿ ಇಷ್ಟು ನೀಟಾಗಿ ಕೊಯ್ಯುವವನು ಒಬ್ಬನೇ. ಅವಳು ಸಂತೆಯಲ್ಲಿ ನನ್ನಿಂದಲೇ ಕೊಂಡ ತೊಗಟೆಯನ್ನು, ಬೆಲೆ ಏರಿಸಿ ನನಗೇ ಕೊಟ್ಟಳು.

“ಒಳ್ಳೆ ಮಾಲು,” ಎಂದೆ. ಅದು ಸತ್ಯ.

ಜನವರಿ 29, ಗುರುವಾರ

ಓಡಿಲಿಯಾ ಹೇಳಿದ್ದು ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ನನ್ನಂಥವನಿಗೆ ಲೋಟದ ಲೆಕ್ಕವೇ! ಈಸ್ಟರ್ ಬೇರೆ ಹತ್ತಿರ ಬರುತ್ತಿದೆ. ಇಡೀ ಮಡಕೆ ಕುದಿಸಿ, ಗಟ್ಟಿಯಾಗಲೆಂದು ಬತ್ತಿಸಿ, ರುಚಿಗೆ ಹೆಂಡ ಬೆರೆಸಿ ಕುಡಿದೆ.

ಜನವರಿ 30, ಶುಕ್ರವಾರ

ಹೊಟ್ಟೆ. ಹೆಚ್ಚು ಬರೆಯಲಾರೆ.

ಫೆಬ್ರವರಿ 2, ಸೋಮವಾರ

ಬದುಕಿದ್ದೇನೆ. ಒಂದು ಮಡಕೆ ಕಷಾಯ ಕುಡಿದವನು ಒಂದು ಮಡಕೆ ಮೂತ್ರ ಮಾಡಲೇಬೇಕೆಂಬ ಲೆಕ್ಕ ನನಗೆ ಆ ಮೊದಲು ಹೊಳೆದಿರಲಿಲ್ಲ. ಕಿಲಾಗೆ ಹೊಳೆದಿತ್ತಂತೆ. ಹೇಳಲಿಲ್ಲವಂತೆ. “ನೀವು ಶೇ ಅಲ್ವಾ,” ಎಂದಳು.

ಊರ ಮುದುಕ ಪಾ ಮಥಾಯಸ್ ತೊಗಟೆ ಕೇಳಿಕೊಂಡು ಬಂದ. ಒಂದು ಪೊಟ್ಟಣ ಕಟ್ಟಿಕೊಟ್ಟೆ, ಏನೂ ಕೇಳಲಿಲ್ಲ. ಕೇಳಿ ಕೊಡುವವನು ಅಂಗಡಿಯವನು, ಕೇಳದೆ ಕೊಡುವವನು ವೈದ್ಯ.

ಫೆಬ್ರವರಿ 16, ಸೋಮವಾರ

ಇವತ್ತಿನದನ್ನು ಬರೆಯಬಾರದೆಂದು ತೀರ್ಮಾನಿಸಿದ್ದೇನೆ. ಆದ್ದರಿಂದ ಚುಟುಕಾಗಿ ಬರೆಯುತ್ತೇನೆ.

ಧೂಳಿಗೆ ನೆಗಡಿ ಹಿಡಿದಿತ್ತು. ನಿನ್ನೆ ಸಂತೆಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಮಾತ್ರೆ ಮಾರುವವನಿಂದ ನೆಗಡಿ ಮಾತ್ರೆ ಕೊಂಡು ನುಂಗಿದೆ. ಮೂಗು ಸುರಿಯುವುದು ನಿಂತಿತು. ಬೆಳಗಾಗುವಷ್ಟರಲ್ಲಿ ಎಲ್ಲವೂ ನಿಂತಿತ್ತು. ತಿಂಗಳುಗಟ್ಟಲೆ ಯಾವುದು ನಿಲ್ಲಲಿ ಎಂದು ಬೇಡಿದ್ದೆನೋ ಅದು ಹೀಗೆ ಪೂರ್ತಿ ನಿಂತುಬಿಟ್ಟರೆ ಏನಾಗುತ್ತದೆಂದು ವೈರಿಗೂ ತಿಳಿಯದಿರಲಿ. ಹೊಟ್ಟೆ ತಮಟೆಯಾಯಿತು. ಕಿಲಾ ಬೈಕ್ ಟ್ಯಾಕ್ಸಿ ಕರೆದಳು. ಆ ರಸ್ತೆಯಲ್ಲಿ ಎಷ್ಟು ಗುಂಡಿಗಳಿವೆ ಎಂಬುದನ್ನು ಇವತ್ತು ಒಂದೊಂದಾಗಿ ಪರಿಚಯ ಮಾಡಿಕೊಂಡೆ.

ಆರೋಗ್ಯ ಕೇಂದ್ರದ ಬಾಗಿಲಲ್ಲಿ ಬೊಂಗ್ಫೆನ್. ಬಾಗಿ ಚಪ್ಪಾಳೆ ತಟ್ಟಿದ. ನಾನು ಆಗಲೇ ಅವನಿಗಿಂತ ಹೆಚ್ಚು ಬಾಗಿದ್ದೆ.

“ನನ್ನ ಅಣ್ಣನಿಗೆ,” ಎಂದೆ, “ಮೂತ್ರ ಕಟ್ಟಿದೆ.”

ಹುಡುಗ ನಗಲಿಲ್ಲ. “ಅಣ್ಣ ಎಲ್ಲಿದ್ದಾರೆ ಶೇ?”

“ಮನೇಲಿ.”

“ಬರೋಕಾಗುತ್ತಾ?”

“ಇಲ್ಲ.”

“ಹಾಗಾದ್ರೆ ಅವರ ಬದಲಿಗೆ ನೀವೇ ಮಲಗಿ. ಬೇಗ.”

ಮಲಗಿದೆ. ಒಂದು ಸಪೂರ ಕೊಳವೆ ಬಂತು. ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದು ನನಗೂ ಅಣ್ಣನಿಗೂ ದೇವರಿಗೂ ಬೊಂಗ್ಫೆನ್‌ಗೂ ಮಾತ್ರ ಗೊತ್ತು. ಆಮೇಲೆ ಬಂದ ಸುಖದ ಬಗ್ಗೆ ಮಾತ್ರ ಬರೆಯಬಹುದು. ಅರಸರು ಬಿರುದು ಕೊಟ್ಟ ದಿನ ನನಗೆ ಅಷ್ಟು ಸುಖವಾಗಿರಲಿಲ್ಲ.

“ಅಣ್ಣ ಏನೇನು ತಗೊಂಡಿದ್ರು?” ಎಂದು ಕೇಳಿದ.

ತೊಗಟೆ ಹೇಳಿದೆ, ಮಡಕೆ ಹೇಳಿದೆ, ನೆಗಡಿ ಮಾತ್ರೆ ಹೇಳಿದೆ. ‘ಕಾಡು ತೊಗಟೆ ಕುಡಿದರೆ ಹೀಗೇ’ ಎಂದು ಈಗ ಶುರುಮಾಡುತ್ತಾನೆ ಎಂದು ಜಗಳಕ್ಕೆ ಸಿದ್ಧನಾದೆ. ಜಗಳವಾಡಲು ಒಳ್ಳೆಯ ಭಂಗಿಯಲ್ಲಿರಲಿಲ್ಲ ನಿಜ.

“ಮೂತ್ರ ಕಟ್ಟಿದ್ದು ತೊಗಟೆಯಿಂದ ಅಲ್ಲ ಶೇ, ಆ ನೆಗಡಿ ಮಾತ್ರೆಯಿಂದ. ಒಳಗಿನ ಗ್ರಂಥಿ ಉಬ್ಬಿರೋರು ಅದನ್ನ ನುಂಗಲೇಬಾರದು. ಹೊಟ್ಟೆ ಕೆಟ್ಟಿದ್ದು ಮಾತ್ರ ತೊಗಟೆಯದ್ದೇ. ಮಡಕೆಗಟ್ಟಲೆ ಕುಡಿದ್ರೆ ಅದೂ ವಿಷ.”

ನನ್ನ ತೊಗಟೆ ನಿರಪರಾಧಿ! ಅರ್ಧ ನಿರಪರಾಧಿ. ಹುಡುಗನಿಗೆ ನ್ಯಾಯಬುದ್ಧಿ ಇದೆ ಎಂದು ಒಪ್ಪಿಕೊಳ್ಳಬೇಕು. ಸೂಜಿ ಹಿಡಿಯುವವರಲ್ಲಿ ಅಪರೂಪ.

ಪಟ್ಟಣದ ಆಸ್ಪತ್ರೆಗೆ ಹೋಗಲೇಬೇಕಂತೆ. ಗ್ರಂಥಿ ವಯಸ್ಸಿಗೆ ಉಬ್ಬಿದೆಯೋ ಅಥವಾ ಒಳಗೆ ಕೆಟ್ಟದ್ದು ಬೆಳೆದಿದೆಯೋ ಎಂದು ಅಲ್ಲಿ ನೋಡುತ್ತಾರಂತೆ. “ಕೆಟ್ಟದ್ದು” ಎನ್ನುವಾಗ ಅವನ ದನಿ ತಗ್ಗಿತು.

“ಅಣ್ಣನಿಗೆ ಹೇಳ್ತೀನಿ,” ಎಂದೆ.

“ನಾನೇ ಜೊತೇಲಿ ಬರ್ತೀನಿ. ಅಣ್ಣನ ಜೊತೆ,” ಎಂದ.

ಫೆಬ್ರವರಿ 17, ಮಂಗಳವಾರ

ಸುಯಿರಿ ಬಂದು ಪಕ್ಕದಲ್ಲಿ ಕುಳಿತಳು. “ಹೆಂಡದ ದಿನ ಮುಂದಕ್ಕೆ ಹಾಕೋಣ ಅಪ್ಪ,” ಎಂದಳು. ಒಡೆದ ಕೋಲಾ ಮತ್ತೆ ಕೂಡಿಸಲಾಗುವುದಿಲ್ಲ ಎಂದೆ. ನನ್ನ ಧ್ವನಿ ಗಂಭೀರವಾಗಿಯೇ ಬಂತು. ಹೊದಿಕೆಯ ಕೆಳಗಿನ ಕೊಳವೆಯನ್ನು ಅವಳು ನೋಡಲಿಲ್ಲ.

ಫೆಬ್ರವರಿ 24, ಮಂಗಳವಾರ

ಪಟ್ಟಣ. ಡಾಕ್ಟರು ಹೆಣ್ಣುಮಗಳು, ನನ್ನ ಸುಯಿರಿಗಿಂತ ತುಸು ದೊಡ್ಡವಳು. ರಕ್ತ ತೆಗೆದರು. ಆಮೇಲೆ ಕೈಗವಸು ಹಾಕಿಕೊಂಡರು. ಶೇ ಬಿರುದಿನವನ ಕೈಯನ್ನು ಯಾರೂ ಮುಟ್ಟುವಂತಿಲ್ಲ ಎಂದು ಬೊಂಗ್ಫೆನ್ ಮೊದಲೇ ಎಚ್ಚರಿಸಿದ್ದ. ಆಕೆ ಪದ್ಧತಿಗೆ ಮರ್ಯಾದೆ ಕೊಟ್ಟರು, ಕೈಯನ್ನು ಮಾತ್ರ ಮುಟ್ಟಲಿಲ್ಲ.

ಮಾರ್ಚ್ 4, ಬುಧವಾರ

ಫಲಿತಾಂಶ ಬಂತು. ಕೆಟ್ಟದ್ದೇನೂ ಇಲ್ಲ! ವಯಸ್ಸಿಗೆ ಉಬ್ಬಿದೆ, ಅಷ್ಟೇ. ಕೊಳವೆಯೂ ಹೋಯಿತು. ಆಸ್ಪತ್ರೆಯ ಅಂಗಳದಲ್ಲಿ ಬೊಂಗ್ಫೆನ್ ಎರಡು ಹೆಜ್ಜೆ ಕುಣಿದ. ಬಿರುದಿನವರು ಬೀದಿಯಲ್ಲಿ ಕುಣಿಯಬಾರದು. ನನ್ನ ಕಾಲು ತಾನಾಗಿ ಸ್ವಲ್ಪ ಅಲುಗಾಡಿತು, ಅಷ್ಟೇ.

ಒಂದು ಮಾತ್ರೆ ಬರೆದುಕೊಟ್ಟಿದ್ದಾರೆ. ತೊಗಟೆಯ ಬಗ್ಗೆ ನಾನೇ ಎದೆ ಸೆಟೆಸಿ ಕೇಳಿದೆ.

“ತಗೋಬಹುದು, ಅಳತೆ ಮೀರದೆ, ನನಗೆ ತಿಳಿಸಿ,” ಎಂದರು ಡಾಕ್ಟರು. “ಅದು ಗ್ರಂಥೀನ ಕರಗಿಸಲ್ಲ. ಕೆಲವರಿಗೆ ತೊಂದರೆ ಹಗುರ ಮಾಡುತ್ತೆ, ಅದೂ ವಾರಗಟ್ಟಲೆ ಆದ್ಮೇಲೆ. ಕಷ್ಟ ಏನಂದ್ರೆ, ಕಾಯಿಲೆ ಯಾವುದು ಅಂತ ತಿಳ್ಕೊಳ್ಳೋ ಮುಂಚೆ ಕುಡಿದು, ಹಗುರ ಆಯ್ತು ಅಂತ ಸುಮ್ಮನಿರ್ತಾರೆ. ಒಳಗೆ ಕೆಟ್ಟದ್ದು ಬೆಳೀತಾ ಇರುತ್ತೆ. ನಿಮ್ಮೂರಲ್ಲಿ ಇದನ್ನ ಕೊಡೋ ವೈದ್ಯ ಯಾರೋ ಇದ್ದಾರಂತಲ್ಲ, ಅವರಿಗೆ ಹೇಳಿ.”

ಬೊಂಗ್ಫೆನ್ ಕಿಟಕಿಯ ಹೊರಗೆ ನೋಡತೊಡಗಿದ.

“ಹೇಳ್ತೀನಿ,” ಎಂದೆ. “ಅವನು ಕೇಳೋ ಜಾತಿಯಲ್ಲ. ಆದ್ರೂ ಹೇಳ್ತೀನಿ.”

ಮಾರ್ಚ್ 11, ಬುಧವಾರ

ಪಾ ಮಥಾಯಸ್ ಮತ್ತೆ ಬಂದ. ಹೊರಗೆ ವರ್ಷದ ಮೊದಲ ಮಳೆ, ಅವನಿಗೆ ಹೋಗಲಾಗುವಂತಿರಲಿಲ್ಲ. ಸುಮ್ಮನೆ ಹೊತ್ತು ಕಳೆಯಲೆಂದು ಒಂದೆರಡು ಪ್ರಶ್ನೆ ಕೇಳಿದೆ. ಮೂತ್ರದಲ್ಲಿ ರಕ್ತವಿದೆಯೇ? ಸೊಂಟ ನೋವೇ? ಬೇರೇನು ಮಾತ್ರೆ ನುಂಗುತ್ತೀಯ? ರಕ್ತವಿದೆ ಎಂದ. ಪೊಟ್ಟಣ ಒಳಗಿಟ್ಟು, ಮೊದಲು ಬೊಂಗ್ಫೆನ್ ಹತ್ತಿರ ಹೋಗು ಎಂದೆ.

“ಏನ್ ಶೇ, ಅಂಗಡಿ ಮುಚ್ತಿದ್ದೀರಾ?” ಎಂದು ರೇಗಿದ.

“ಪುಡಿ ಹಸಿಯಾಗಿದೆ, ಒಣಗಲಿ,” ಎಂದೆ. ಮಳೆಗಾಲದಲ್ಲಿ ಪುಡಿ ಒಣಗುವುದು ನಿಧಾನ, ನಿಜವೇ.

ಮಾರ್ಚ್ 27, ಶುಕ್ರವಾರ

ಸುಧಾರಿಸಿದೆ! ಚರ್ಚಿನಲ್ಲಿ ಬೆಳಗಿನ ಪೂಜೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಉಪದೇಶ ನಿಜಕ್ಕೂ ಉದ್ದವಾಗಿಯೇ ಇರುತ್ತದೆಂದು ತಿಳಿಯಿತು.

ಇದು ತೊಗಟೆಯ ಗುಣ ಎಂದು ನಾನು. ಡಾಕ್ಟರ ಮಾತ್ರೆಯ ಗುಣ ಎಂದು ಬೊಂಗ್ಫೆನ್. ಸಂಜೆ ಹೆಂಡ ಬಿಟ್ಟ ಗುಣ ಎಂದು ಕಿಲಾ. ಊಟದ ತನಕ ವಾದ ನಡೆಯಿತು. ಹುಡುಗ ಸೋಲೊಪ್ಪಲಿಲ್ಲ. ಜೋಳದ ಮುದ್ದೆಯನ್ನು ಮಾತ್ರ ಎರಡನೇ ಸಲ ಹಾಕಿಸಿಕೊಂಡ. ಮಾತಿಗೆ ಜನ ಇದ್ದರೆ ಊಟ ರುಚಿ.

ಏಪ್ರಿಲ್ 15, ಬುಧವಾರ

ಪೀಠದ ಅಭ್ಯಾಸ ಸಾಂಗವಾಗಿ ನಡೆದಿದೆ. ಇವತ್ತು ಕುಳಿತು, ಕಿಲಾ ಸೊಪ್ಪು ಸೋಸಿ, ಹೆಚ್ಚಿ, ಬೇಯಿಸಿ, ಮುದ್ದೆ ತೊಳಸಿ ಇಳಿಸುವವರೆಗೂ ಅಲ್ಲಾಡಲಿಲ್ಲ. “ಒಂದು ಕೊಡ ನೀರು ತನ್ನಿ,” ಎಂದು ಅವಳು ಕರೆದರೂ ಏಳಲಿಲ್ಲ. ಈ ಅಭ್ಯಾಸ ಮದುವೆಯ ನಂತರವೂ ಮುಂದುವರಿಸಬಹುದು. ಶನಿವಾರ ಊರೆಲ್ಲ ನೋಡಲಿ, ಶೇ ವಿರ್ಸಿ ಕುಳಿತರೆ ಬಂಡೆ.

ಏಪ್ರಿಲ್ 18, ಶನಿವಾರ

ಬಂದರು. ಹೆಂಡದ ಸೋರೆಬುರುಡೆಗಳು, ತಾಳೆ ಎಣ್ಣೆ, ಉಪ್ಪಿನ ಚೀಲ, ಕೋಳಿಗಳು, ಮನಸ್ಸಿಲ್ಲದ ಒಂದು ಮೇಕೆ. ಬೊಂಗ್ಫೆನ್‌ಗೆ ತಂದೆಯಿಲ್ಲ. ದೊಡ್ಡಪ್ಪ ಪಾ ಎವರಿಸ್ಟಸ್ ಎದುರು ಪೀಠದಲ್ಲಿ ಕುಳಿತ. ನನಗಿಂತ ಹಿರಿಯ, ಗಂಟಲು ದೊಡ್ಡದು, ಮಾತು ಇನ್ನೂ ದೊಡ್ಡದು.

“ಈ ಅಂಗಳದಲ್ಲಿ ಒಂದು ಹೂವು ಕಂಡ್ವಿ,” ಎಂದು ಶುರುಮಾಡಿದ.

“ಹೂವು ಬೇಕಿದ್ರೆ ಚರ್ಚಿನ ಬೇಲೀಲಿ ಬೇಕಾದಷ್ಟಿದೆ, ಕಿತ್ಕೊಂಡು ಹೋಗಿ,” ಎಂದಳು ನನ್ನ ಅಕ್ಕ ಫಿಲೊಮಿನಾ. ಹೆಣ್ಣಿನ ಕಡೆಯ ಬಾಯಿ ಅವಳದು. ನಮ್ಮ ವಂಶದ ಬಾಯಿಯೇ ಅವಳದು.

ಅವನು ಹೂವನ್ನು ಹೊಗಳಿದ, ಬೇರನ್ನು ಹೊಗಳಿದ, ಮಣ್ಣನ್ನು ಹೊಗಳಿದ. ನಾನು ಬಂಡೆಯಂತೆ ಕುಳಿತಿದ್ದೆ. ಬೆಳಗಿನಿಂದ ಗುಟುಕು ನೀರು ಮುಟ್ಟಿರಲಿಲ್ಲ, ಒಳಗೆ ಒಣ ಸೋರೆಬುರುಡೆಯಂತಿದ್ದೆ. ಸಂಜೆಯವರೆಗೂ ಕೂರಬಲ್ಲೆ ಎನಿಸಿತು. ಎಂಥ ವೈಭವ!

ಫಿಲೊಮಿನಾ ಕೋಳಿಗಳ ಗಾತ್ರದ ಬಗ್ಗೆ ಜಗಳ ತೆಗೆದಾಗ ಪಾ ಎವರಿಸ್ಟಸ್‌ನ ಮಾತು ಸಣ್ಣಗಾಯಿತು. ಆಮೇಲೆ ನಿಂತೇ ಹೋಯಿತು. ಹಣೆಯಲ್ಲಿ ಬೆವರು. ಬಲ ಮೊಣಕಾಲು ಎಡದ ಮೇಲೆ, ಎಡ ಬಲದ ಮೇಲೆ. ಚಪ್ಪಲಿಯೊಳಗೆ ಬೆರಳು ಮುದುಡಿತು. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ನನ್ನ ಕಸುಬು, ಅದಕ್ಕಿಂತ ಹೆಚ್ಚಾಗಿ ನನ್ನ ಜನವರಿ ತಿಂಗಳು.

“ಅಕ್ಕಾ, ಕೋಳಿ ಸಾಕು, ಮುಂದಕ್ಕೆ ಹೋಗೋಣ,” ಎಂದೆ.

“ನೀನು ಸುಮ್ನೆ ಕೂತ್ಕೋ. ಇದು ಕೋಳೀನಾ, ಗುಬ್ಬೀನಾ? ಉಪ್ಪು ಇನ್ನೂ ನೋಡಿಲ್ಲ, ಎಣ್ಣೆ ನೋಡಿಲ್ಲ!”

ಪಾ ಎವರಿಸ್ಟಸ್‌ನ ಕೈ ಮೊಣಕಾಲಿನ ಮೇಲೆ ಊರಿತು. ಬೆನ್ನು ಮುಂದಕ್ಕೆ ಬಂತು. ಬೊಂಗ್ಫೆನ್ ನೋಡಿದ, ಅವನ ಮುಖ ಬೂದಿಯಾಯಿತು. ಬಾಗಿಲಲ್ಲಿ ಬುರುಡೆ ಹಿಡಿದು ನಿಂತಿದ್ದ ಸುಯಿರಿ ನೋಡಿದಳು. ದೊಡ್ಡಪ್ಪ ಎದ್ದನೋ, ಹೆಣ್ಣು ಬೇಡವಾಯಿತು.

“ತಡೀರಿ!” ಎಂದೆ. “ನನಗೆ ಅವಸರ.”

“ಏನವಸರ?” ಎಂದಳು ಫಿಲೊಮಿನಾ.

“ಮೂತ್ರದ ಅವಸರ.”

ಅಂಗಳವೆಲ್ಲ ನನ್ನ ಕಡೆ ತಿರುಗಿತು. ಮೇಕೆ ಕೂಡ.

“ನಿನಗಾ?” ಎಂದಳು. “ಊರಿಗೆಲ್ಲ ತೊಗಟೆ ಕೊಡೋ ನಿನಗಾ?”

“ನನಗೇ. ತಡೆಯೋಕಾಗ್ತಿಲ್ಲ.”

“ಎದ್ರೆ ಸಂಬಂಧ ಮುರೀತು!”

“ಪೀಠ ಬಿಟ್ಟು ಎದ್ರೆ ತಾನೆ? ನಾನು ಪೀಠ ಬಿಡಲ್ಲ.” ಎರಡೂ ಕೈಯಿಂದ ಪೀಠವನ್ನು ಹಿಂಭಾಗಕ್ಕೆ ಒತ್ತಿಹಿಡಿದು, ಕುಳಿತ ಭಂಗಿಯಲ್ಲೇ ಕೊಕ್ಕರೆಯಂತೆ ಬಾಗಿ ನಿಂತೆ. “ಬಿಟ್ಟಿಲ್ಲ ಅನ್ನೋಕೆ ಗಂಡಿನ ಕಡೆ ಸಾಕ್ಷಿ ಬೇಕು. ಪಾ ಎವರಿಸ್ಟಸ್, ನೀವೇ ಬನ್ನಿ. ನಿಮ್ಮ ಪೀಠ ಸಮೇತ.”

ನಾನು ಮಾತು ಮುಗಿಸುವ ಮೊದಲೇ ಅವನು ಪೀಠ ಸಮೇತ ನನ್ನನ್ನು ದಾಟಿ ಹೋಗಿದ್ದ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಇಬ್ಬರು ಹಿರಿಯರು, ಇಬ್ಬರ ಬೆನ್ನಿಗೂ ಪೀಠ, ಬಾತುಕೋಳಿಗಳಂತೆ ಮನೆ ಸುತ್ತಿ ಹಿತ್ತಲಿಗೆ ಹೋದೆವು. ಅಲ್ಲಿ ಅವನಿಗೆ ಕೈಗಳು ಬೇಕಾದವು. ನಿಯಮ ಮುರಿಯಬಾರದೆಂದು ಅವನ ಪೀಠವನ್ನು ಹಿಂದಿನಿಂದ ನಾನು ಒಂದು ಕೈಯಲ್ಲಿ ಒತ್ತಿ ಹಿಡಿದೆ, ನನ್ನದನ್ನು ಇನ್ನೊಂದರಲ್ಲಿ.

“ಶೇ, ದೇವರು ನಿಮ್ಮನ್ನ—”

“ಮಾತಾಡಬೇಡಿ, ಕೆಲಸ ನೋಡಿ.”

ಕೆಲಸ ನಿಧಾನವಾಗಿ ಸಾಗಿತು. ಹೊತ್ತು ಹೋಗಬೇಕಲ್ಲ, ಮಥಾಯಸ್‌ಗೆ ಕೇಳಿದ ಪ್ರಶ್ನೆಗಳನ್ನೇ ಕೇಳಿದೆ. ರಕ್ತ ಇಲ್ಲವಂತೆ. ಸೊಂಟ ನೋವು ಇದೆಯಂತೆ, ಬಹಳ ದಿನದಿಂದ.

“ನಿಮ್ಮ ತೊಗಟೆ ಕೊಡಿ ಶೇ, ಸಾಕು.”

“ಮೊದಲು ಪಟ್ಟಣದ ಡಾಕ್ಟರು. ಆಮೇಲೆ ತೊಗಟೆ. ಒಳ್ಳೆ ಹೆಣ್ಣುಮಗಳು, ಕೈ ಹಗುರ. ನಮ್ಮ ಹುಡುಗ ಕರ್ಕೊಂಡು ಹೋಗ್ತಾನೆ.”

ಮರಳಿ ಬಂದು ಕುಳಿತೆವು. ಉಪ್ಪು, ಎಣ್ಣೆ ಎರಡನ್ನೂ ಫಿಲೊಮಿನಾ ಬೈದು ಮುಗಿಸಿದಳು. ಸುಯಿರಿ ನನ್ನ ಕೊಂಬಿನ ಲೋಟಕ್ಕೆ ಹೆಂಡ ಬಗ್ಗಿಸಿ, ಮಂಡಿಯೂರಿ ಕೊಟ್ಟಳು.

“ಕುಡೀಲಾ ಮಗಳೇ?”

“ಕುಡೀರಿ ಅಪ್ಪ. ಒಂದೇ ಲೋಟ.”

ಕುಡಿದೆ. ಹೆಂಗಸರ ಕೂಗು ಗುಡ್ಡಕ್ಕೆ ಬಡಿದು ತಿರುಗಿ ಬಂತು. ಬೊಂಗ್ಫೆನ್ ಬಂದು ನನ್ನೆದುರು ಬಾಗಿ ಚಪ್ಪಾಳೆ ತಟ್ಟಿದ. ಬಾಗಿದವನು ಏಳಲೇ ಇಲ್ಲ.

“ಏಳಪ್ಪ, ಸೊಂಟ ಹಿಡ್ಕೊಳ್ಳುತ್ತೆ,” ಎಂದೆ.

ತೊಗಟೆ ವೈದ್ಯನಿಗೇ ಮೂತ್ರ ನಿಲ್ಲುವುದಿಲ್ಲವೆಂದು ಇಷ್ಟು ಹೊತ್ತಿಗೆ ಆಚೆ ಮಗ್ಗುಲಿನ ಓಡಿಲಿಯಾಗೂ ತಲುಪಿರುತ್ತದೆ. ಫಿಲೊಮಿನಾ ದಾರಿಯುದ್ದಕ್ಕೂ ಹೇಳಿಕೊಂಡೇ ಹೋದಳು. ಹೇಳಲಿ, ಅವಳಿಗೂ ವಯಸ್ಸಾಯಿತು.

ನೆಂಟರೆಲ್ಲ ಹೋದ ಮೇಲೆ ಕಿಲಾ ಬಂದು ಎದುರು ನಿಂತಳು.

“ನಿಜವಾಗ್ಲೂ ಬಂದಿತ್ತಾ?”

“ಏನು?”

“ಅವಸರ.”

“ಪೀಠ ಗಟ್ಟಿಯಿತ್ತು,” ಎಂದೆ. “ಸ್ವಲ್ಪ ಓಡಾಡಬೇಕು ಅನ್ನಿಸ್ತು.”

ಅವಳು ಒಳಗೆ ಹೋದಳು. ಒಂದು ಬಟ್ಟಲು ಹಿಡಿದು ಬಂದಳು. ಅದರಲ್ಲಿ ಕೋಳಿ ಕಾಳು ಅರೆಯುವ ಆ ಗಟ್ಟಿ ಮಾಂಸದ ತುಂಡು. ಕೂಟದಲ್ಲಿ ಅತಿ ದೊಡ್ಡ ಮನುಷ್ಯನಿಗೆ ಮಾತ್ರ ಸಲ್ಲುವಂಥದ್ದು. ಪದ್ಧತಿ ಪ್ರಕಾರ ಇವತ್ತು ಅದು ಪಾ ಎವರಿಸ್ಟಸ್‌ಗೆ ಹೋಗಬೇಕಿತ್ತು.

“ತಿನ್ನಿ ಶೇ,” ಎಂದಳು. ಈ ಸಲ ಗೇಲಿಗಲ್ಲ.

ತಿಂದೆ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಹೇಳಲಿಲ್ಲ.